ಶಾಮಿಯಾನಕ್ಕೆ ಸಾಲದ ಮೈದಾನ

ಹೊನ್ನೆಕೊಪ್ಪದ ಸರ್ಕಾರಿ ಶಾಲೆಯ ಮೈದಾನ ಸಣ್ಣದಾಗಿದೆ ಎಂದು ಮೊಟ್ಟಮೊದಲು ಕಂಡುಹಿಡಿದ ಕೀರ್ತಿ ರಾಜೇಂದ್ರನ ಶಾಮಿಯಾನಕ್ಕೆ ಸಲ್ಲಬೇಕು. ರಾಜೇಂದ್ರನಿಗೂ ಸ್ವಲ್ಪ ಸಲ್ಲಬೇಕು, ಯಾಕೆಂದರೆ ಶಾಮಿಯಾನಕ್ಕೆ ಬಾಯಿಲ್ಲ, ಅವನಿಗೆ ಇದೆ. ಇದ್ದದ್ದೇ ತೊಂದರೆಯಾಯಿತು.

ಹುಂಚದಿಂದ ಬಸ್ಸು ಹತ್ತಿ ಒಳದಾರಿಯಲ್ಲಿ ಕುಲುಕಿಕೊಂಡು ಬಂದರೆ ಸಿಗುವ ಈ ಊರಿನಲ್ಲಿ ಅವನು ಮೈಕ್ ರಾಜೇಂದ್ರ ಎಂದೇ ಪ್ರಸಿದ್ಧ. ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ, ಯಾವುದೇ ಇರಲಿ, ಶಾಮಿಯಾನ, ಕುರ್ಚಿ, ಪಾತ್ರೆ ಮತ್ತು ಮೈಕ್ ಸೆಟ್ಟು ಅವನದೇ. ಅವನ ಮೈಕಿನಲ್ಲಿ ಮಂತ್ರಿಗಳು ಮಾತಾಡಿದ್ದಾರೆ, ಸ್ವಾಮಿಗಳು ಮಾತಾಡಿದ್ದಾರೆ, ಕುಡಿದು ಬಂದ ಬೀಗರು ಕೂಡ ಮಾತಾಡಿದ್ದಾರೆ. ಅವನು ಮಾತ್ರ ಇಷ್ಟು ವರ್ಷಗಳಲ್ಲಿ 'ಹಲೋ ಹಲೋ, ಮೈಕ್ ಟೆಸ್ಟಿಂಗ್' ಬಿಟ್ಟು ಬೇರೊಂದು ಮಾತು ಅದರಲ್ಲಿ ಆಡಿದವನಲ್ಲ. ಜನ ಬಂದು ಕೂತು ಕಿವಿಗೊಡುವ ಹೊತ್ತಿಗೆ ಸರಿಯಾಗಿ ಮೈಕು ಬೇರೆಯವರ ಕೈ ಸೇರುತ್ತಿತ್ತು. ಈ ಸಂಕಟ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು.

ಮಗಳು ಸುಚಿತ್ರಾ ಏಳನೇ ಕ್ಲಾಸಿಗೆ ಬಂದ ವರ್ಷ ಅವನನ್ನು ಎಸ್‌ಡಿಎಂಸಿ ಅಧ್ಯಕ್ಷನನ್ನಾಗಿ ಮಾಡಿದರು. ಶಾಲೆಯ ಉಸ್ತುವಾರಿಗೆಂದು ಮಕ್ಕಳ ತಂದೆತಾಯಿಗಳದ್ದೇ ಒಂದು ಸಮಿತಿ ಇರುತ್ತದಲ್ಲ, ಅದಕ್ಕೆ. ಉಳಿದವರೆಲ್ಲ ತಮಗೆ ಕೆಲಸವಿದೆ ಎಂದು ಜಾರಿಕೊಂಡಿದ್ದರಿಂದ ಆಯ್ಕೆ ಅವಿರೋಧವಾಗಿ ನಡೆಯಿತು. ರಾಜೇಂದ್ರ ಅದನ್ನು ಜನಪ್ರಿಯತೆ ಎಂದುಕೊಂಡ. ಅಧ್ಯಕ್ಷರ ಮನೆಗೆ ಗೂಟ ಸರಿಸಿ ದಾಟುವ ಬರೀ ತಡಮೆ ಇದ್ದರೆ ಚೆನ್ನಾಗಿರುವುದಿಲ್ಲವೆಂದು, ಶಾಲೆಗೆ ಹೊಂದಿಕೊಂಡೇ ಇರುವ ತನ್ನ ಮನೆಯ ಅಂಗಳದ ತುದಿಯಲ್ಲಿ, ರಸ್ತೆಗೆ ಮುಖಮಾಡಿ, ಎರಡು ಸಿಮೆಂಟ್ ಕಂಬ ಎತ್ತಿಸಿ ಕಬ್ಬಿಣದ ಗೇಟು ಕೂರಿಸಿದ. ಸಾಗರದ ರಸ್ತೆ ಬದಿಯಲ್ಲಿ ಹೂವಿನ ಕುಂಡ ಮಾಡುವವನಿಂದ ಎರಡು ಸಿಂಹಗಳನ್ನು ತಂದು ಕಂಬದ ಮೇಲೆ ಇರಿಸಿದ. ಅದರಲ್ಲೊಂದಕ್ಕೆ ಸ್ವಲ್ಪ ಮೆಳ್ಳೆಗಣ್ಣು. ಶಾಲೆಯ ಮಕ್ಕಳು ಅವುಗಳನ್ನು ಬೆಕ್ಕು ಎಂದು ಕರೆಯುತ್ತಿದ್ದರು.

ಮಾರ್ಚಿನಲ್ಲಿ ಶಾಲೆಗೆ ಅಮೃತ ಮಹೋತ್ಸವ ಬಂತು. ಸುವರ್ಣ ಮಹೋತ್ಸವಕ್ಕೆಂದು ತಾನು ಮೊದಲು ಕೊಂಡಿದ್ದ ದೊಡ್ಡ ಶಾಮಿಯಾನವನ್ನೇ ಕಟ್ಟಬೇಕೆಂದು ರಾಜೇಂದ್ರ ಹಟ ಹಿಡಿದ. ಅಂದು ಅದು ಈ ಮೈದಾನದಲ್ಲಿ ನಾಲ್ಕೂ ಕಡೆ ಕಾಲು ಚಾಚಿ ನಿಂತಿತ್ತು. ಪಕ್ಕದಲ್ಲಿ ಐಸ್‌ಕ್ಯಾಂಡಿ ಗಾಡಿ ನಿಲ್ಲಲು, ಹೆಂಗಸರ ಸಾಲು ಊಟಕ್ಕೆ ಹೋಗಲು ಧಾರಾಳ ಜಾಗವಿತ್ತು. ಈಗ ಬಿಚ್ಚಿ ಹರಡಿದರೆ ಎಡಗಡೆಯ ಅಂಚು ಕಿರಾಣಿ ಅಂಗಡಿ ಜಟ್ಟಿಂಗಪ್ಪನ ಬೇಲಿಯ ಮೇಲೆ ಬಿತ್ತು, ಬಲಗಡೆಯ ಅಂಚು ರಾಜೇಂದ್ರನದೇ ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡಿತು. ಗೂಟ ಹೊಡೆಯಲು ಎಲ್ಲೂ ಜಾಗವಿರಲಿಲ್ಲ. ಕೊನೆಗೆ ಶಾಮಿಯಾನವನ್ನು ಸೀರೆಯ ನೆರಿಗೆಯಂತೆ ಮಡಚಿ ಕಟ್ಟಿದರು, ನೆರಿಗೆಯ ಕೆಳಗೆ ಅತಿಥಿಗಳು ಬೆವರಿದರು. ಭಾಷಣಗಳೆಲ್ಲ ಮುಗಿದರೂ ರಾಜೇಂದ್ರನ ತಲೆಯಲ್ಲಿ ಒಂದೇ ಪ್ರಶ್ನೆ: ಮೈದಾನ ಎಲ್ಲಿ ಹೋಯಿತು?

ಮಾರನೆಯ ದಿನದಿಂದ ಅವನಿಗೆ ಬೇರೆ ಕೆಲಸವೇ ಇಲ್ಲವಾಯಿತು. ಮೊದಲು ಬಟ್ಟೆಯೇ ಹಿಗ್ಗಿರಬೇಕೆಂದು ಅನುಮಾನಿಸಿದ. ಜಟ್ಟಿಂಗಪ್ಪ ತಕ್ಕಡಿ ಬಿಟ್ಟು ಎದ್ದು ಬಂದು, ಲೋಕದಲ್ಲಿ ಒಗೆದ ಬಟ್ಟೆ ಕುಗ್ಗಿದ್ದುಂಟು, ಹಿಗ್ಗಿದ್ದನ್ನು ತಾನಂತೂ ಕಂಡಿಲ್ಲ ಎಂದ. ಆಮೇಲೆ ತನಗೇ ಏನೋ ನೆನಪಾದವನಂತೆ, ನಿನ್ನ ಬಟ್ಟೆ ಒಳ್ಳೇ ಜಾತಿಯದ್ದಲ್ವಾ, ಹಿಗ್ಗಿದರೂ ಹಿಗ್ಗಿರಬಹುದು ಎಂದು ಮಾತು ತಿರುಗಿಸಿ ಒಳಗೆ ಹೋದ. ಪೋಸ್ಟ್‌ಮನ್ ಆಗಿ ರಿಟೈರಾದ ಗೋಪಾಲಪ್ಪ, ಮಳೆಗಾಲದಲ್ಲಿ ಮಣ್ಣು ಕೊಚ್ಚಿಕೊಂಡು ಹೋಗುವುದರಿಂದ ಭೂಮಿಯೇ ವರ್ಷ ವರ್ಷ ಸವೆಯುತ್ತಿದೆ, ಇದು ಪೇಪರಿನಲ್ಲೂ ಬಂದಿದೆ ಎಂದರು. ಹಾಗಾದರೆ ಮೈದಾನ ತಗ್ಗಾಗಬೇಕೇ ಹೊರತು ಅಗಲ ಯಾಕೆ ಕಮ್ಮಿಯಾಗಬೇಕು ಎಂದು ರಾಜೇಂದ್ರ ಕೇಳಿದ್ದಕ್ಕೆ ಅವರು, ಎಲ್ಲವನ್ನೂ ಪೇಪರಿನಲ್ಲಿ ಬರೆಯಲು ಆಗುವುದಿಲ್ಲ ಎಂದರು.

ಕೊನೆಗೆ ಅವನು ತನ್ನ ತಾಯಿಯನ್ನೂ ಕೇಳಿದ. ಕೆರಿಯಮ್ಮನಿಗೆ ಎಂಬತ್ತು ದಾಟಿದೆ. ಬೆಳಗಿನ ಗಂಜಿ ಮುಗಿಸಿ, ಅಂಗಳದ ನಡುವೆ ನೆಲದಿಂದ ಎದ್ದು ನಿಂತ ಒಂದು ಗಿಡ್ಡ ಕಲ್ಲಿನ ಮೇಲೆ ಕಂಬಳಿ ತುಂಡು ಹಾಸಿ, ಎಲೆಯಡಿಕೆ ಚೀಲ ಮಡಿಲಲ್ಲಿಟ್ಟು ಕೂತಳೆಂದರೆ ಬಿಸಿಲು ನೆತ್ತಿಗೆ ಬರುವ ತನಕ ಏಳುವವಳಲ್ಲ. ಕಿವಿ ಮಂದ. ಮೊಮ್ಮಗಳು ಸುಚಿತ್ರಾ ಕಿವಿಯ ಹತ್ತಿರ ಬಾಯಿಟ್ಟು ಹೇಳಿದ್ದು ಕೇಳುತ್ತದೆ, ಶಾಲೆಯ ಮೈಕಿನಲ್ಲಿ ಹೇಳಿದ್ದು ಕೇಳುತ್ತದೆ. ನಡುವಿನದೊಂದೂ ಕೇಳುವುದಿಲ್ಲ.

"ಅವ್ವ, ಶಾಲೆ ಮೈದಾನ ಮುಂಚೆ ದೊಡ್ಡದಿತ್ತಲ್ದಾ?" ಎಂದು ರಾಜೇಂದ್ರ ಕೂಗಿ ಕೇಳಿದ.

ಕೆರಿಯಮ್ಮ ಎಲೆಗೆ ಸುಣ್ಣ ಹಚ್ಚುತ್ತ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಸಣ್ಣೋನಿದ್ದಿ," ಎಂದಳು. ಅವನಿಗೆ ಅದೂ ಒಂದು ದೊಡ್ಡ ಸತ್ಯವೆಂದೇ ತೋರಿ, ಅರ್ಧ ದಿನ ಅದನ್ನೇ ಯೋಚಿಸಿದ. ಆದರೆ ಶಾಮಿಯಾನ ಯಾವತ್ತೂ ಸಣ್ಣದಿರಲಿಲ್ಲವಲ್ಲ ಎಂದು ಹೊಳೆದ ಮೇಲೆ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತ.

ಈ ವಿಚಾರ ಅಲ್ಲಿಗೇ ತಣ್ಣಗಾಗುತ್ತಿತ್ತೋ ಏನೋ. ಅಷ್ಟರಲ್ಲಿ ತಾಲ್ಲೂಕಿನ ಅಧಿಕಾರಿಗಳೆಲ್ಲ ಪಂಚಾಯ್ತಿ ಮಟ್ಟಕ್ಕೆ ಬಂದು ಜನರ ಅಹವಾಲು ಕೇಳುವ ಸಭೆಯೊಂದು ಗೊತ್ತಾಯಿತು. ಮೈಕು ರಾಜೇಂದ್ರನದೇ. ಈ ಬಾರಿ ಭಾಷಣವೂ ಅವನದೇ, ಯಾಕೆಂದರೆ ಹೆಡ್‌ಮಿಸ್ ಭವ್ಯಾ ಟೀಚರಿಗೆ ಶಾಲೆಯ ಪರವಾಗಿ ಅಧ್ಯಕ್ಷರೇ ಒಂದು ಮಾತು ಕೇಳಲಿ ಎಂದಿತ್ತು. ಹೊನ್ನೆಕೊಪ್ಪದಲ್ಲಿ ಏಳನೇ ಕ್ಲಾಸಿಗೆ ಓದು ಮುಗಿಯುತ್ತದೆ. ಹೈಸ್ಕೂಲಿಗೆ ಹೋಗಬೇಕಾದರೆ ಬೆಳಗಿನ ಬಸ್ಸು ಹತ್ತಬೇಕು, ಸಂಜೆಯ ಬಸ್ಸು ಬಂದರೆ ಬಂತು, ಇಲ್ಲವಾದರೆ ಕಾಡುದಾರಿಯಲ್ಲಿ ನಡೆಯಬೇಕು. ಹೋದ ಹುಡುಗಿಯರಲ್ಲಿ ಅರ್ಧಕ್ಕರ್ಧ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬಾಗಿಲನ್ನೂ ಕಾಣದೆ ಮನೆ ಸೇರಿದ್ದರು. ಊರಲ್ಲೇ ಎಂಟನೇ ಕ್ಲಾಸು ಶುರುವಾಗಬೇಕು, ಅದನ್ನಷ್ಟೇ ಕೇಳಿ, ಬೇರೆ ಏನೂ ಬೇಡ ಎಂದು ಟೀಚರು ಅವನಿಗೆ ಮೂರು ಸಲ ಹೇಳಿ ಕಳಿಸಿದರು.

ಇದರಲ್ಲಿ ರಾಜೇಂದ್ರನಿಗೆ ಸ್ವಂತ ಸಂಕಟವೂ ಇತ್ತು. ಎಂಟನೇ ಕ್ಲಾಸು ಬರದಿದ್ದರೆ ಸುಚಿತ್ರಾಳನ್ನು ಜೂನಿನಲ್ಲಿ ಮೇಳಿಗೆಗೆ, ತನ್ನ ಅಕ್ಕನ ಮನೆಗೆ, ಓದಲು ಕಳಿಸುವುದೆಂದು ಗಂಡಹೆಂಡತಿ ಗುಟ್ಟಾಗಿ ಮಾತಾಡಿಕೊಂಡಿದ್ದರು. ಕೆರಿಯಮ್ಮನಿಗೆ ಇದನ್ನು ಹೇಳಿರಲಿಲ್ಲ. ಮುದುಕಿಯ ತಲೆ ಬಾಚುವುದು, ಎಲೆಯಡಿಕೆ ಕುಟ್ಟಿ ಕೊಡುವುದು, ಪೇಪರು ಓದಿ ಹೇಳುವುದು ಎಲ್ಲ ಸುಚಿತ್ರಾಳದೇ. ಮಗು ಹೋಗುತ್ತದೆಂದು ತಿಳಿದರೆ ಅವಳು ಊಟ ಬಿಟ್ಟಾಳೆಂದು ರಾಜೇಂದ್ರನ ಹೆಂಡತಿ ಯಶೋಧಾ ಹೆದರಿದ್ದಳು.

ಸಭೆಯಲ್ಲಿ ರಾಜೇಂದ್ರ ಅಭ್ಯಾಸಬಲದಿಂದ 'ಹಲೋ ಹಲೋ' ಎಂದು ಶುರುಮಾಡಿದ. ಎದುರಿಗೆ ಜನ. ಮೈಕು ಕೈಯಲ್ಲೇ ಇದೆ, ಕಸಿದುಕೊಳ್ಳಲು ಯಾರೂ ಬರುತ್ತಿಲ್ಲ. ಅವನಿಗೆ ಅದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ನಂಬಿದ ಮೇಲೆ ಹಿಡಿಯುವವರಿಲ್ಲ. ಶಾಲೆಯಲ್ಲಿ ದಾಖಲಾತಿ ಯಾಕೆ ಕಮ್ಮಿಯಾಯಿತು, ಫಲಿತಾಂಶ ಯಾಕೆ ಕಮ್ಮಿಯಾಯಿತು, ಮೈದಾನ ಯಾಕೆ ಕಮ್ಮಿಯಾಯಿತು, ಮೂರಕ್ಕೂ ಸರ್ಕಾರ ಲೆಕ್ಕ ಕೊಡಬೇಕು ಎಂದುಬಿಟ್ಟ. ಹಿಂದಿನ ಸಾಲಿನಲ್ಲಿ ಭವ್ಯಾ ಟೀಚರು ಹಣೆಯ ಮೇಲೆ ಕೈಯಿಟ್ಟುಕೊಂಡರು.

ದಾಖಲಾತಿಯ ಬಗ್ಗೆ ಶಿಕ್ಷಣದವರು ಬಹಳ ಹೊತ್ತು ಉತ್ತರ ಕೊಟ್ಟರು. ಫಲಿತಾಂಶದ ಬಗ್ಗೆ ಅದಕ್ಕಿಂತ ಹೆಚ್ಚು ಹೊತ್ತು ಕೊಟ್ಟರು. ಅವೆರಡಕ್ಕೂ ಅವರ ಬಳಿ ಉತ್ತರ ತಯಾರಿತ್ತು; ಒಳ್ಳೆಯದೋ ಕೆಟ್ಟದ್ದೋ, ಉದ್ದವಂತೂ ಇತ್ತು. ಮೈದಾನದ ಮಾತು ಬಂದಾಗ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮಗೆ ಬರುವುದು ಮಕ್ಕಳು, ಜಾಗ ಕಂದಾಯದ್ದು ಎಂದರು ಶಿಕ್ಷಣದವರು. ಜಾಗವನ್ನು ಶಾಲೆಗೆ ಕೊಟ್ಟ ಮೇಲೆ ಕಾಯುವುದು ಶಾಲೆಯವರ ಕೆಲಸ ಎಂದರು ಕಂದಾಯದವರು. ಅರ್ಜಿ ಬಾರದೆ ನಾವು ಅಳೆಯುವುದಿಲ್ಲ ಎಂದರು ಸರ್ವೆಯವರು. ನಾವು ಗೋಡೆಗೆ ಸುಣ್ಣ ಹೊಡೆಸಿದ್ದು ಮಾತ್ರ ಎಂದರು ಪಂಚಾಯ್ತಿಯವರು. ಸೊಂಟಕ್ಕೆ ಕೈಯಿಟ್ಟು ಇದನ್ನೆಲ್ಲ ಕೇಳುತ್ತಿದ್ದ ದೊಡ್ಡ ಸಾಹೇಬರಿಗೆ, ಅಂದರೆ ತಹಶೀಲ್ದಾರರಿಗೆ, ಈ ಪ್ರಶ್ನೆ ಹಿಡಿಸಿತು. ಶಾಲೆಗೆ ಬರೆದಿರುವುದು ಪೂರಾ ಒಂದು ಎಕರೆ ಎಂದು ವಿಚಾರಿಸಿ ತಿಳಿದುಕೊಂಡು, ಅಷ್ಟು ಜಾಗ ಸ್ಥಳದಲ್ಲಿ ಕಂಡುಬಂದರೆ ಇದೇ ಜೂನಿಗೆ ಎಂಟನೇ ಕ್ಲಾಸಿಗೆ ತಾವೇ ಶಿಫಾರಸು ಮಾಡುವುದಾಗಿಯೂ, ಕಮ್ಮಿಯಿದ್ದರೆ ಆ ಮಾತು ಎತ್ತಲೇಬಾರದೆಂದೂ ಹೇಳಿದರು. ಒತ್ತುವರಿ ಮಾಡಿದವರು ಯಾರೇ ಆಗಿದ್ದರೂ ತೆರವು ಮಾಡಿಸುತ್ತೇನೆ ಎಂದೂ ಸೇರಿಸಿದರು.

ಚಪ್ಪಾಳೆ ಬಿತ್ತು. ರಾಜೇಂದ್ರನ ಮೈಯಲ್ಲಿ ಕರೆಂಟು ಹರಿದಂತಾಯಿತು. ಮೈಕಿನಲ್ಲಿ ಅವನು ಹೇಳಿದ ಮಾತು ಅಂದು ಮೂರು ಊರಿಗೆ ಕೇಳಿಸಿತು: "ಬಿಡಬೇಡಿ ಸಾರ್. ನಮ್ಮಪ್ಪನೇ ಒತ್ತುವರಿ ಮಾಡಿದ್ರೂ ಬಿಡಬೇಡಿ."

ಸಾಹೇಬರು ನಕ್ಕು ಅದನ್ನು ಬರೆದುಕೊಳ್ಳಲು ಗುಮಾಸ್ತನಿಗೆ ಹೇಳಿದರು.

ಆ ಹೊತ್ತಿನಿಂದ ಹೊನ್ನೆಕೊಪ್ಪದಲ್ಲಿ ವಿಚಿತ್ರ ಸಂಗತಿಗಳು ನಡೆಯತೊಡಗಿದವು. ಸಭೆ ಮುಗಿದ ಎರಡೇ ದಿನಕ್ಕೆ ಜಟ್ಟಿಂಗಪ್ಪ ಅಂಗಡಿ ಮುಚ್ಚಿ, ಪಂಚೆ ಎತ್ತಿ ಕಟ್ಟಿ, ಶಾಲೆಯ ಕಡೆಯ ತನ್ನ ಬೇಲಿಯನ್ನು ಪೂರ್ತಿ ಕಿತ್ತು ಹೊಸದಾಗಿ ಕಟ್ಟಿದ. ಯಾಕೆಂದು ಕೇಳಿದವರಿಗೆ ಗೂಟಕ್ಕೆಲ್ಲ ಒರಲೆ ಹತ್ತಿದೆ ಎಂದ. ಒರಲೆ ಹತ್ತಿದರೆ ಬೇಲಿ ಎರಡು ಮಾರು ಹಿಂದಕ್ಕೆ ಯಾಕೆ ಹೋಗಬೇಕು ಎಂದು ಕೇಳಿದ್ದಕ್ಕೆ, ಹಳೇ ಗುಂಡಿಯಲ್ಲಿ ಹೊಸ ಗೂಟ ಗಟ್ಟಿ ನಿಲ್ಲುವುದಿಲ್ಲವಲ್ಲ ಮಾರಾಯ, ಪಕ್ಕದಲ್ಲಿ ಬೇರೆ ಗುಂಡಿ ತೋಡಬೇಕಾಗುತ್ತದೆ ಎಂದ. ರಾಜೇಂದ್ರ ಹಗ್ಗ ಹಿಡಿದು ಅಳೆದು ನೋಡಿ ಹಿಗ್ಗಿದ. ಪ್ರಶ್ನೆ ಕೇಳಿದ ಮಾತ್ರಕ್ಕೆ ಕಳೆದುಹೋದ ಮೈದಾನದಲ್ಲಿ ಅರ್ಧ ತಾನಾಗಿ ವಾಪಸು ಬಂತು. ಇನ್ನರ್ಧವೂ ಈ ಜಟ್ಟಿಂಗಪ್ಪನ ಹೊಟ್ಟೆಯಲ್ಲೇ ಇರಬೇಕು, ಸರ್ವೆ ಬಂದ ದಿನ ಕಕ್ಕಿಸೋಣ ಎಂದು ಯಶೋಧಾಳಿಗೆ ಹೇಳಿದ.

ಯಶೋಧಾ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಅವಳು ಮಾತು ಕಮ್ಮಿಯ ಹೆಂಗಸು. ಅವತ್ತು ಮಾತ್ರ ಕೈಯ ಹಿಟ್ಟು ಕೊಡವಿಕೊಂಡು ಗಂಡನ ಎದುರಿಗೆ ನಿಂತಳು.

"ನಾನು ಮದ್ವೆಯಾಗಿ ಬಂದಾಗ ಈ ಅಂಗಳದಲ್ಲಿ ಎರಡು ಚಾಪೆ ಹಾಸಿದ್ರೆ ಮುಗೀತಿತ್ತು. ಈಗ ಇಡೀ ಕೇರಿಯ ಹಪ್ಪಳ ಒಣಗಿಸ್ಬಹುದು. ನಿಮಗೆ ಯಾವತ್ತೂ ಎಂತದೂ ಅನ್ನಿಸ್ಲಿಲ್ವಾ?"

ರಾಜೇಂದ್ರ ಸುತ್ತಲೂ ನೋಡಿದ. ಅಂಗಳ, ಹಪ್ಪಳ, ಕಲ್ಲಿನ ಮೇಲೆ ಅವ್ವ, ತುದಿಯಲ್ಲಿ ಸಿಂಹಗಳು. "ಅದು ನೀನು ಬಂದ ಕಾಲ್ಗುಣ," ಎಂದ, ನಿಜವಾಗಿಯೂ ಪ್ರೀತಿಯಿಂದ. ಯಶೋಧಾ ಮತ್ತೆ ಹಪ್ಪಳ ಮಗುಚತೊಡಗಿದಳು. ಅತ್ತೆಯ ವಿಚಾರವನ್ನು ಅತ್ತೆಯ ಮಗನಿಗೆ ಇದಕ್ಕಿಂತ ಬಿಡಿಸಿ ಹೇಳುವ ಧೈರ್ಯ ಯಾವ ಸೊಸೆಗೂ ಇರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲವಾದರೆ ರಾಜೇಂದ್ರನನ್ನು ಓದುಗರು ತೀರಾ ದಡ್ಡನೆಂದು ತಿಳಿದಾರು. ಮಲೆನಾಡಿನಲ್ಲಿ ಬೇಲಿ ಕಟ್ಟುವುದು ಮಳೆ ಬೀಳುವ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ. ಮದುವೆಗಳು ನಡೆಯುವುದೂ ಆಗಲೇ. ವರ್ಷ ವರ್ಷವೂ ಎಲ್ಲರ ಮನೆಯಲ್ಲಿ ಬೇಲಿ ಏಳುವ ಹೊತ್ತಿಗೆ ಅವನು ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಯಾರದೋ ಧಾರೆಗೆ ಶಾಮಿಯಾನ ಕಟ್ಟುತ್ತಿರುತ್ತಿದ್ದ. ಮನೆಯ ಬೇಲಿಯ ಉಸ್ತುವಾರಿ ಮೊದಲಿನಿಂದಲೂ ಕೆರಿಯಮ್ಮನದು. ವಾಪಸು ಬಂದಾಗ ಬೇಲಿ ಹೊಸದಾಗಿ ಹಸಿರಾಗಿ ನಿಂತಿರುತ್ತಿತ್ತು, ಅವನು ಚೆನ್ನಾಗಿದೆ ಎಂದು ಊಟಕ್ಕೆ ಕೂರುತ್ತಿದ್ದ.

ಸರ್ವೆಯ ದಿನ ಊರಿಗೆ ಊರೇ ಬಂದು ನೆರೆಯಿತು. ರಾಜೇಂದ್ರ ಒಂದು ಮದುವೆಯ ಬುಕಿಂಗ್ ಬಿಟ್ಟು, ಬಾಡಿಗೆಯಿಲ್ಲದೆ ಸಣ್ಣ ಶಾಮಿಯಾನ, ಕುರ್ಚಿ, ಮೈಕು, ಎರಡು ಹಾರ್ನು ಸ್ಪೀಕರು ಎಲ್ಲ ಹಾಕಿಸಿದ್ದ. ಅಳತೆಯ ಕೆಲಸಕ್ಕೆ ಮೈಕು ಯಾಕೆ ಎಂದು ಭವ್ಯಾ ಟೀಚರು ಕೇಳಿದ್ದಕ್ಕೆ, ಮಾಯವಾದ ಮೈದಾನ ಸಿಕ್ಕಾಗ ಸಾಹೇಬರು ಎರಡು ಮಾತಾಡಲೇಬೇಕಾಗುತ್ತದೆ ಎಂದ. ಸಾಹೇಬರೂ ಜೀಪಿನಲ್ಲಿ ಬಂದರು. ಸರ್ವೆಯರ್ ದುರ್ಗೇಶ್ ಎಂಬ ತೆಳ್ಳನೆಯ ತರುಣ, ಮಾತಿಗಿಂತ ಮುಂಚೆ ಟೇಪು ಬಿಚ್ಚುವವನು. ಅವನು ಶಾಲೆಯ ಸುತ್ತ ಒಂದು ಸುತ್ತು ಹಾಕಿ ಬಂದು ಬಾಂದುಕಲ್ಲು ಎಲ್ಲಿದೆ ಎಂದು ಕೇಳಿದ. ಹಿಂದೆ ಅಳತೆ ಮಾಡಿದವರು ಗಡಿಯ ಮೂಲೆಗಳಲ್ಲಿ ನೆಟ್ಟ ಕಲ್ಲುಗಳು, ನೆತ್ತಿಯ ಮೇಲೆ ಅಡ್ಡ ಉದ್ದ ಗೆರೆ ಕೊರೆದಿರುತ್ತಾರೆ. ಜಟ್ಟಿಂಗಪ್ಪನ ಕಡೆಯದ್ದು ಸಿಕ್ಕಿತು. ಅವನ ಹೊಸ ಬೇಲಿ ಅದಕ್ಕೆ ಸರಿಯಾಗಿ ತಾಗಿಕೊಂಡೇ ಇತ್ತು, ಎಷ್ಟು ಸರಿಯಾಗಿತ್ತೆಂದರೆ ದುರ್ಗೇಶ್ ಟೇಪನ್ನು ಎರಡು ಸಲ ಹಿಡಿದು ನೋಡಿದ. ರಾಜೇಂದ್ರನಿಗೆ ಭಾರೀ ನಿರಾಸೆಯಾಯಿತು. ಇನ್ನೊಂದು ಕಲ್ಲು ಸಿಗಬೇಕಿತ್ತು.

ಊರೆಲ್ಲ ಹುಡುಕಿತು. ಮುಳ್ಳು ಸವರಿದರು, ತರಗೆಲೆ ಕೆದಕಿದರು. ಗೋಪಾಲಪ್ಪ ಶಾಲೆಯ ಅಡುಗೆಮನೆಯ ಹಿಂದಿನ ಒರಳನ್ನು ತೋರಿಸಿ ಇದೇ ಇರಬೇಕು ಎಂದರು. ಎಲ್ಲರಿಗಿಂತ ಉತ್ಸಾಹದಿಂದ ಹುಡುಕಿದವನು ರಾಜೇಂದ್ರ. ತನ್ನ ಬೇಲಿಯ ಬುಡವನ್ನು ಈ ತುದಿಯಿಂದ ಆ ತುದಿಗೆ ಮೊಣಕಾಲೂರಿ ನೋಡಿದ. ವಯಸ್ಸಾದ ಕೆಲವರು ಮಾತ್ರ ಏನನ್ನೂ ಹುಡುಕದೆ ಬೇಲಿಯಾಚೆ ಒಂದೇ ಕಡೆ ನೋಡುತ್ತ, ಯಾರಾದರೂ ತಮ್ಮನ್ನು ಗಮನಿಸಿದರೆ ಆಕಾಶ ನೋಡುತ್ತಿದ್ದರು. ಬೇಲಿಯಾಚೆ, ಅಂಗಳದ ನಡುವೆ, ಕೆರಿಯಮ್ಮ ಎಂದಿನಂತೆ ಕಂಬಳಿ ತುಂಡಿನ ಮೇಲೆ ಕೂತಿದ್ದಳು. ಬಿಸಿಲು ನೆತ್ತಿಗೆ ಬಂದು ದಾಟಿತು. ಯಶೋಧಾ ಊಟಕ್ಕೆ ಕರೆದಳು. ಅವತ್ತು ಮುದುಕಿಗೆ ಹಸಿವಿರಲಿಲ್ಲ.

ಕೊನೆಗೆ ದುರ್ಗೇಶ್ ಟೇಪು ಸುತ್ತಿಕೊಂಡ. ಕಲ್ಲು ಸಿಗದೆ ಗಡಿ ಗುರುತಿಸಲು ಬರುವುದಿಲ್ಲ, ಸದ್ಯ ಇರುವ ಬೇಲಿಯನ್ನೇ ಗಡಿ ಎಂದು ಹಿಡಿದರೆ ಎಕರೆಗೆ ಮೂರ್ನಾಲ್ಕು ಗುಂಟೆ ಕಮ್ಮಿ ಬರುತ್ತದೆ ಎಂದು ಸಾಹೇಬರಿಗೆ ವರದಿ ಒಪ್ಪಿಸಿದ. ಸಾಹೇಬರು ಭವ್ಯಾ ಟೀಚರ ಕಡೆ ತಿರುಗಿ, ಹಾಗಾದರೆ ಎಂಟನೇ ಕ್ಲಾಸಿನದು ಮುಂದೆ ಯಾವಾಗಲಾದರೂ ನೋಡೋಣ ಎಂದರು. 'ಮುಂದೆ ಯಾವಾಗಲಾದರೂ' ಎಂಬುದರ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಶಾಲೆಯ ಜಗಲಿಯಲ್ಲಿ ಸಾಲಾಗಿ ನಿಂತಿದ್ದ ಏಳನೇ ಕ್ಲಾಸಿನ ಹುಡುಗಿಯರು ಒಬ್ಬೊಬ್ಬರೇ ಕೂತುಬಿಟ್ಟರು. ಸುಚಿತ್ರಾ ಕೊನೆಗೆ ಕೂತಳು.

ರಾಜೇಂದ್ರ ಮೈಕನ್ನು ಬಿಚ್ಚಿಡಲು ಹೋದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ಅದರಲ್ಲಿ ಮಾತಾಡುವ ಆಸೆಯೇ ಇರಲಿಲ್ಲ. ಒಂದು ಕೈಯಲ್ಲಿ ಮೈಕು ಹಿಡಿದಿರುವಾಗಲೇ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಮೇಳಿಗೆಯಿಂದ ಅಕ್ಕ, ಏನಾಯಿತು ಎಂದು ಕೇಳಲು. ಅವನು ಇನ್ನೊಂದು ಕೈಯಿಂದ ಫೋನೆತ್ತಿ ಕಿವಿಗಿಟ್ಟುಕೊಂಡ. ಮೈಕು ಆಫ್ ಆಗಿರಲಿಲ್ಲ. ಮೈಕಿನವರು ಮಾಡಬಾರದ ತಪ್ಪು ಅದೊಂದೇ, ಅದನ್ನು ಅವನು ಆವರೆಗೆ ಮಾಡಿರಲಿಲ್ಲ.

"ಇಲ್ಲ ಅಕ್ಕ, ಆಗ್ಲಿಲ್ಲ," ಎಂದು ಎರಡೂ ಹಾರ್ನು ಒಟ್ಟಿಗೆ ಗುಡುಗಿದವು. "ಸುಚಿತ್ರಾನ ಜೂನಿಗೆ ನಿಮ್ಮಲ್ಲಿಗೇ ಕರ್ಕಂಡು ಬರ್ತೀನಿ. ಮೂರು ವರ್ಷ ಅಲ್ಲೇ ಇರ್ಲಿ. ಅವ್ವಂಗೆ ಇನ್ನೂ ಹೇಳಿಲ್ಲ. ಹೆಂಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ."

ಮೈದಾನದ ಜನರೆಲ್ಲ ಹಾರ್ನಿನ ಕಡೆ ತಿರುಗಿದರು. ಫೋನಿನಲ್ಲಿ ಅಕ್ಕ, ನಿನ್ನ ದನಿ ಯಾಕೋ ಎರಡೆರಡು ಕೇಳ್ತಿದೆ ಎನ್ನುತ್ತಿದ್ದಳು. ರಾಜೇಂದ್ರ ತಿರುಗಿ ನೋಡಿದ. ಅಂಗಳದ ನಡುವೆ ಕೆರಿಯಮ್ಮ ಎದ್ದು ನಿಂತಿದ್ದಳು.

ಅವಳು ಬೇಲಿಯ ಹತ್ತಿರ ಬಂದು, ತಡಮೆಯಿದ್ದ ಕಾಲದ ಅಭ್ಯಾಸದಿಂದ ಒಂದು ಗೂಟ ಸರಿಸಿ, ಮುಳ್ಳು ಬಗ್ಗಿಸಿ ಮೈದಾನಕ್ಕೆ ಕಾಲಿಟ್ಟಳು. ಜನ ದಾರಿ ಬಿಟ್ಟರು. ಸಾಹೇಬರನ್ನು ಅವಳು ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಟೇಪು ಹಿಡಿದ ದುರ್ಗೇಶನ ತೋಳು ಹಿಡಿದುಕೊಂಡು, "ಬಾ ತಮ್ಮ, ಕಲ್ಲು ತೋರಿಸ್ತೀನಿ," ಎಂದಳು.

ಕಂಬಳಿ ತುಂಡು ಎತ್ತಿದಾಗ ಕಲ್ಲಿನ ನೆತ್ತಿಯ ಮೇಲೆ ಅಡ್ಡ ಉದ್ದ ಗೆರೆಗಳು ಸವೆದು ನುಣ್ಣಗಾಗಿ ಕಂಡವು. ದುರ್ಗೇಶ್ ಅಲ್ಲಿಂದ ಟೇಪು ಹಿಡಿದ. ಟೇಪು ಹಪ್ಪಳದ ಚಾಪೆಯ ಮೇಲೆ ಹಾದು, ಯಶೋಧಾಳ ಬಟ್ಟೆ ಒಣಹಾಕುವ ತಂತಿಯ ಕೆಳಗೆ ನುಸುಳಿ ರಸ್ತೆ ಮುಟ್ಟಿತು. ಗೇಟು, ಎರಡು ಕಂಬ ಮತ್ತು ಎರಡು ಸಿಂಹಗಳು ಟೇಪಿನ ಆಚೆ, ಶಾಲೆಯ ಜಾಗದಲ್ಲಿ, ಗಂಭೀರವಾಗಿ ಕೂತಿದ್ದವು. ಮೆಳ್ಳೆಗಣ್ಣಿನ ಸಿಂಹ ಒಂದು ಕಣ್ಣಿನಲ್ಲಿ ಮನೆಯನ್ನೂ ಒಂದು ಕಣ್ಣಿನಲ್ಲಿ ಶಾಲೆಯನ್ನೂ ನೋಡುತ್ತಿತ್ತು.

ಗುಮಾಸ್ತ ತನ್ನ ಚೀಲದಿಂದ ಒಂದು ಹಾಳೆ ತೆಗೆದು ಸಾಹೇಬರಿಗೆ ತೋರಿಸಿದ. ಸಾಹೇಬರು ಅದನ್ನು ಓದಿ ರಾಜೇಂದ್ರನ ಕಡೆ ನೋಡಿದರು. ರಾಜೇಂದ್ರ ಬೆವರು ಒರೆಸಿಕೊಂಡ.

"ನಾನು ಅಪ್ಪ ಅಂದಿದ್ದೆ ಸಾರ್," ಎಂದ. "ಅವ್ವ ಅಂದಿರ್ಲಿಲ್ಲ."

ಜನ ನಕ್ಕ ನಗುವಿಗೆ ಜಟ್ಟಿಂಗಪ್ಪನ ಅಂಗಡಿಯ ಕಟ್ಟೆಯ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು. ಸಾಹೇಬರು ನಗಲಿಲ್ಲ. ಸರ್ಕಾರಿ ಜಾಗವನ್ನು ಹೀಗೆ ಒತ್ತುವರಿ ಮಾಡಿದ್ದು ತಪ್ಪಲ್ಲವೇ ಎಂದು ಅವರು ಗಟ್ಟಿಯಾಗಿ ಕೇಳಿದರು. ಕೆರಿಯಮ್ಮ ಕೇಳಿಸಲಿಲ್ಲವೆಂದು ಕಿವಿ ಮುಟ್ಟಿ ತೋರಿಸಿದಳು. ರಾಜೇಂದ್ರ ಓಡಿಹೋಗಿ ಮೈಕು ತಂದು ಸಾಹೇಬರ ಕೈಗೆ ಕೊಟ್ಟ. ಪ್ರಶ್ನೆ ಈಗ ಮೈಕಿನಲ್ಲಿ ಬಂತು. ಕೆರಿಯಮ್ಮ ಕೈ ಚಾಚಿ ಮೈಕನ್ನು ತಾನೇ ತೆಗೆದುಕೊಂಡಳು.

"ತಪ್ಪೇ," ಎಂದಳು. ತನ್ನ ದನಿ ತನಗೇ ಕೇಳಿಸಿದ್ದು ಅವಳಿಗೆ ಹಿತವೆನಿಸಿರಬೇಕು, ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು ಮುಂದುವರಿಸಿದಳು. "ಹಳೇ ಗುಂಡಿಗೆ ಗೂಟ ನಿಲ್ಲೋದಿಲ್ಲ ಅಂತ ಮೊದಲ ವರ್ಷ ಒಂದು ಗೇಣು ಶಾಲೆ ಕಡೆ ಹಾಕಿಸ್ದೆ. ಯಾರಾದ್ರೂ ಬಂದು ಕೇಳ್ತಾರೆ, ಕೇಳಿದ್ರೆ ಹಿಂದೆ ಹಾಕಿಸ್ಬೇಕು ಅಂದ್ಕಂಡಿದ್ದೆ. ಯಾರೂ ಕೇಳ್ಲಿಲ್ಲ. ಮಾರನೇ ವರ್ಷ ಇನ್ನೊಂದು ಗೇಣು. ಆಗ್ಲೂ ಕೇಳ್ಲಿಲ್ಲ. ಆಮೇಲೆ ನಂಗೇ ಒಂಥರಾ ಆಸಕ್ತಿ ಬಂತು, ಎಲ್ಲಿಗೆ ಹೋದ್ಮೇಲೆ ಇವ್ರು ಕೇಳ್ತಾರೆ ನೋಡೋಣ ಅಂತ. ಜೀಪಲ್ಲಿ ಬಂದ್ರು, ಬಾವುಟ ಹಾರಿಸಿದ್ರು, ಚಾ ಕುಡಿದ್ರು. ಇದೇ ಅಂಗಳಕ್ಕೆ ಬಂದು ನೀರು ಕೇಳಿದೋರೂ ಇದ್ರು. ಕಲ್ಲಿನ ಮೇಲೆ ಕೂತೇ ಕೊಟ್ಟಿದ್ದೀನಿ."

ಸಾಹೇಬರು ತಾವು ಈ ತಾಲ್ಲೂಕಿಗೆ ಬಂದು ಇನ್ನೂ ಎರಡು ವರ್ಷವಾಗಿಲ್ಲ ಎಂದು ಮೆಲ್ಲಗೆ ಹೇಳಿದರು. ಕೆರಿಯಮ್ಮನಿಗೆ ಅದು ಹೇಗೋ ಮೈಕಿಲ್ಲದೆಯೂ ಕೇಳಿಸಿತು.

"ಎರಡು ವರ್ಷಕ್ಕೆ ಎರಡು ಗೇಣು," ಎಂದಳು. "ಅದು ನಿನ್ನ ಲೆಕ್ಕಕ್ಕೆ."

ಸಾಹೇಬರು ಟೋಪಿ ತೆಗೆದು ಕೂದಲು ಸವರಿಕೊಂಡು ಸಿಂಹಗಳ ಕಡೆ ನೋಡಿದರು. ಆಮೇಲೆ ಕೆರಿಯಮ್ಮನ ಹತ್ತಿರ ಬಂದು, ಅಜ್ಜಿ, ನಿಮ್ಮ ಬೇಲಿ ಹಿಂದೆ ಸರಿಯಲಿ, ಎಂಟನೇ ಕ್ಲಾಸಿನ ಶಿಫಾರಸು ಇವತ್ತೇ ಹೋಗುತ್ತದೆ ಎಂದು ಕಿವಿಯಲ್ಲಿ ಹೇಳಿದರು. ಕೆರಿಯಮ್ಮ ಮೈಕನ್ನು ಅವರ ಬಾಯಿಯ ಮುಂದೆ ಹಿಡಿದು, ಇನ್ನೊಂದು ಸಲ ಹೇಳು ಎಂದಳು. ಅವರು ಊರಿಗೆಲ್ಲ ಕೇಳುವಂತೆ ಇನ್ನೊಂದು ಸಲ ಹೇಳಬೇಕಾಯಿತು. ಜಗಲಿಯ ಮೇಲಿದ್ದ ಸುಚಿತ್ರಾ ಓಡಿಬಂದು ಅಜ್ಜಿಯನ್ನು ತಬ್ಬಿಕೊಂಡಾಗ ಹಾರ್ನಿನಲ್ಲಿ ಎಲೆಯಡಿಕೆ ಚೀಲ ನೆಲಕ್ಕೆ ಬಿದ್ದ ಸದ್ದೂ ಕೇಳಿತು, ಮುದುಕಿ ಮೂಗೆಳೆದುಕೊಂಡ ಸದ್ದೂ ಕೇಳಿತು.

ಎಲ್ಲರೆದುರು ಹೇಳಿದ ಮಾತು, ಆದ್ದರಿಂದ ಮೇ ಕೊನೆಗೆ ಆದೇಶ ಬಂತು. ಭವ್ಯಾ ಟೀಚರು ಅದನ್ನು ನಂಬದೆ ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. ಗೇಟಿನ ವಿಚಾರ ಮಾತ್ರ ಸ್ವಲ್ಪ ಚರ್ಚೆಯಾಯಿತು. ಕಂಬ ಒಡೆದರೆ ಸಿಂಹಗಳು ಒಡೆಯುತ್ತವೆ, ಶಾಲೆಗೆ ಹೇಗೂ ಗೇಟಿರಲಿಲ್ಲ. ಕೊನೆಗೆ ಅಲ್ಲೇ ಬಿಟ್ಟು, ಮೇಲೊಂದು ತಗಡಿನ ಕಮಾನು ಬಾಗಿಸಿ ಸರ್ಕಾರಿ ಶಾಲೆ ಎಂದು ಬರೆಸಿದರು. ರಾಜೇಂದ್ರನ ಮನೆಗೆ ಮತ್ತೆ ಮೊದಲಿನ ತಡಮೆಯೇ ಬಂತು. ಶಾಲೆ ಶುರುವಾದ ದಿನ ದೊಡ್ಡ ಶಾಮಿಯಾನ ಮೈದಾನದಲ್ಲಿ ನಾಲ್ಕೂ ಕಡೆ ಕಾಲು ಚಾಚಿ ನಿಂತಿತು, ಐಸ್‌ಕ್ಯಾಂಡಿ ಗಾಡಿಗೂ ಜಾಗ ಉಳಿಯಿತು. ಎಂಟನೇ ಕ್ಲಾಸಿನ ಮೊದಲ ಹೆಸರು ಸುಚಿತ್ರಾಳದು. ಮಕ್ಕಳು ಎರಡು ಬೆಕ್ಕುಗಳ ನಡುವೆ ಹಾದು ಒಳಗೆ ಹೋದರು.

ಶಾಲೆಗೆ ಕಲ್ಲಿನ ಕಾಂಪೌಂಡು ಕಟ್ಟಿಸುವುದಾಗಿ ಸಾಹೇಬರು ಹೋಗುವಾಗ ಹೇಳಿದ್ದರು. ಯಾವಾಗ ಎಂದು ಕೆರಿಯಮ್ಮ ಕೇಳುವಷ್ಟರಲ್ಲಿ ಜೀಪು ಹೊರಟಿತ್ತು. ಮಾರನೆಯ ವರ್ಷ ಬೇಲಿಯ ಕಾಲ ಬಂತು, ಕಾಂಪೌಂಡು ಬಂದಿರಲಿಲ್ಲ, ಸಾಹೇಬರಿಗೆ ವರ್ಗವಾಗಿತ್ತು. ರಾಜೇಂದ್ರ ಮದುವೆಗೆ ಶಾಮಿಯಾನ ಹೊತ್ತು ಹೊರಟಾಗ ತಾಯಿ ಅವನನ್ನು ತಡೆದು, ಒಂದು ಮೈಕು, ಒಂದು ಹಾರ್ನು ಮನೆಯಲ್ಲಿ ಬಿಟ್ಟು ಹೋಗು ಎಂದಳು. ಯಾಕೆಂದು ಅವನು ಕೇಳಲಿಲ್ಲ. ಪ್ರಶ್ನೆ ಕೇಳುವ ಚಟ ಅವನಿಗೆ ಸ್ವಲ್ಪ ಕಮ್ಮಿಯಾಗಿತ್ತು.

ಅವತ್ತು ಜಟ್ಟಿಂಗಪ್ಪ ಅಂಗಡಿ ಮುಚ್ಚಿ, ಪಂಚೆ ಎತ್ತಿ ಕಟ್ಟಿ, ಬೇಲಿಯ ಕೆಲಸಕ್ಕೆ ಇಳಿದಿದ್ದ. ರಜೆಯ ದಿನ, ಮೈದಾನದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವನು ಹಳೆಯ ಗೂಟ ಕಿತ್ತ. ಅತ್ತ ಇತ್ತ ನೋಡಿದ. ಹೊಸ ಗುಂಡಿಗೆ ಹಾರೆ ಎತ್ತಿದ. ಮೈದಾನದ ಆ ತುದಿಯಲ್ಲಿ, ಬಾಂದುಕಲ್ಲಿನ ಮೇಲಿಂದ, ಹಾರ್ನು ಒಮ್ಮೆ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡಿತು.

"ಹಲೋ, ಹಲೋ," ಎಂದಿತು. "ಜಟ್ಟಿಂಗಪ್ಪ, ಒಂದು ಗೇಣು ಹಿಂದೆ."